ಮನೆಗೆರೆ

ನಮ್ಮೂರಿನಲ್ಲಿ ಗಡಿಯಾರದ ಪಾಠಕ್ಕೆ ಚಿತ್ರ ಬರೆದುಕೊಟ್ಟ ದಾನಿಯಲ್ ಮೇಷ್ಟರಿಗೆ ಹೊತ್ತು ಗೊತ್ತಾಗುವುದಿಲ್ಲ. ಹಾಲಿನವನು ಅವರ ಬಾಗಿಲಲ್ಲಿ ನಿಂತು "ಬೆಳಗಾಯ್ತು ಮೇಷ್ಟ್ರೇ, ಏಳಿ" ಎಂದು ಕೂಗಿ ಹೇಳುತ್ತಾನೆ. ಸಂಜೆ ಅಂಗಡಿ ಮುಚ್ಚುವಾಗ ಎದುರುಮನೆಯ ಟೈಲರು "ಇನ್ನು ಊಟ ಮಾಡಿ ಮಲಗೋ ಹೊತ್ತು" ಎಂದು ತಿಳಿಸಿ ಹೋಗುತ್ತಾನೆ. 'ಹತ್ತಿರ ಮತ್ತು ದೂರ' ಪಾಠಕ್ಕೆ ಫೋಟೊ ತೆಗೆದ ಜಯಣ್ಣನಂತೂ ಬಸ್ಸು ಇನ್ನೂ ಕೆರೆ ಏರಿಯ ಮೇಲೆ ಬೆಂಕಿಪೊಟ್ಟಣದಷ್ಟು ಕಾಣುವಾಗಲೇ ಹತ್ತಲು ಕಾಲೆತ್ತುತ್ತಾನೆ. ನಿಲ್ದಾಣದಲ್ಲಿದ್ದವರು ರಟ್ಟೆ ಹಿಡಿದು ನಿಲ್ಲಿಸಿಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಊರಿನ ಮಕ್ಕಳು ಗಂಟೆ ನೋಡುವುದನ್ನು, ರಸ್ತೆ ದಾಟುವುದನ್ನು ಕಲಿತದ್ದು ಅವರಿಬ್ಬರ ಪುಣ್ಯದಿಂದ.

ಪಠ್ಯಪುಸ್ತಕದ ಕಚೇರಿಯಲ್ಲಿ ಚಿತ್ರ ಬರೆಯುವುದೆಂದರೆ ಹಾಗೆಯೇ. ಬರೆದ ಚಿತ್ರವನ್ನು ಅಚ್ಚಿಗೆ ಕಳಿಸುವ ಮುಂಚೆ ಶಾಲೆಗೆ ಒಯ್ದು, ಅಡಿಬರಹವನ್ನು ಕಾಗದದಿಂದ ಮುಚ್ಚಿ, ಮಕ್ಕಳ ಮುಂದೆ ಹಿಡಿಯುತ್ತಾರೆ. ಅಕ್ಷರದ ಹಂಗಿಲ್ಲದೆ ವಿಷಯ ತಿಳಿದರೆ ಚಿತ್ರ ಗೆದ್ದಂತೆ. ಮೊದಲ ಮಗು "ಓ, ಹೀಗಾ" ಎನ್ನುವ ಗಳಿಗೆಗೇ ಆ ವಿಷಯದ ತಿಳಿವಳಿಕೆ ಬರೆದವರನ್ನು ಬಿಟ್ಟು ಹೊರಟುಹೋಗಿರುತ್ತದೆ. ಆಮೇಲೆ ತಮ್ಮ ಚಿತ್ರವನ್ನು ತಾವೇ ಎಷ್ಟು ನೋಡಿದರೂ ಅವರಿಗದು ಬರೀ ಗೆರೆ.

ಅದಕ್ಕೇ ಬುದ್ಧಿವಂತರು ಚಿತ್ರದಲ್ಲಿ ಒಂದು ಗೆರೆಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದಕ್ಕೆ ಮನೆಗೆರೆ ಎಂದು ಹೆಸರು, ಮನೆಯವರಿಗಾಗಿ ಉಳಿಸಿಕೊಂಡ ಗೆರೆ ಎಂದು. ಅದನ್ನು ಬಿಟ್ಟರೆ ಮಕ್ಕಳಿಗೆ ತುಸು ಕಡಿಮೆ ತಿಳಿಯುತ್ತದೆ, ಬರೆದವರಲ್ಲಿ ತುಸು ಉಳಿಯುತ್ತದೆ. ಆ ಕೊರತೆಯನ್ನು ಟೀಚರು ಬಾಯಿಮಾತಿನಲ್ಲಿ ತುಂಬಿಕೊಳ್ಳುತ್ತಾರೆ. ದಾನಿಯಲ್ ಮೇಷ್ಟರು ಹಟಮಾರಿ, ಅರ್ಧಂಬರ್ಧ ಕೆಲಸ ತಮಗೆ ಒಗ್ಗುವುದಿಲ್ಲ ಎಂದು ಪೂರ್ತಿ ಬರೆದರು. ನಮ್ಮ ಯಜಮಾನರು ಹಾಗಲ್ಲ. ಮನೆಗೆರೆ ಬಿಡದೆ ಒಂದು ಚಿತ್ರವನ್ನೂ ಕೊಟ್ಟವರಲ್ಲ.

ಇವರ ಹೆಸರು ಫಾಲಾಕ್ಷ. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಸಂಬಳ ಕೇಳಲಿಲ್ಲ, ಗೋತ್ರ ಕೇಳಲಿಲ್ಲ. "ಇಲ್ಲೀತನಕ ಯಾವ ಯಾವ ಪಾಠ ಬರ್ದಿದೀರಿ" ಎಂದು ಕೇಳಿದರು. ಚಿತ್ರದವರಿಗೆ ಮಗಳನ್ನು ಕೊಡುವ ಯಾವ ಅಪ್ಪನಾದರೂ ಮೊದಲು ಕೇಳುವ ಮಾತು ಅದೇ. "ಬೀಜ ಮೊಳೆಯೋದು, ಮಳೆ ಬರೋದು, ಅಷ್ಟೇ ಮಾವ" ಎಂದರು ಇವರು. ಅಪ್ಪನಿಗೆ ಸಮಾಧಾನವಾಯಿತು. ಬೇಸಾಯದ ಮನೆಯಲ್ಲವಲ್ಲ, ಬೀಜದ ವಿಷಯ ಗೊತ್ತಿಲ್ಲದಿದ್ದರೆ ಯಾವ ಗಂಟು ಹೋಗುತ್ತದೆ ಎಂದುಕೊಂಡರು. ನಿಜ ಹೇಳಬೇಕೆಂದರೆ ಅದರಿಂದ ನನಗೆ ಸಿಕ್ಕಿದ್ದು ಬರೀ ಖುಷಿ. ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಇವರು ಗಂಟು ಬಿಚ್ಚಿ ನೋಡಿ, "ಮಂಗಳಾ, ಬಾ ಇಲ್ಲಿ, ಕಾಳಿಗೆಲ್ಲಾ ಬಾಲ ಬಂದಿದೆ" ಎಂದು ಕರೆಯುತ್ತಿದ್ದರು. ನೆನೆದರೆ ಕಾಳಿಗೆ ಏನೋ ಆಗುತ್ತದೆ ಎಂಬಷ್ಟನ್ನು ಮನೆಗೆರೆ ಉಳಿಸಿಕೊಟ್ಟಿತ್ತು, ಉಳಿದದ್ದಕ್ಕೆ ಪ್ರತಿ ಸಲವೂ ಅಷ್ಟೇ ಬೆರಗು. ನಮ್ಮ ಮಗಳು ಕುಮುದ ಓದು ಕಲಿತ ಮೇಲೆ ಅಪ್ಪನ ಚಿತ್ರವಿದ್ದ ಪುಸ್ತಕವನ್ನೇ ತಂದು ಅಪ್ಪನಿಗೆ ಪಾಠ ಹೇಳುತ್ತಿದ್ದಳು. "ಇದು ಬೇರು ಅಪ್ಪಾ, ಬಾಲ ಅಲ್ಲ." ಇವರು ಗಲ್ಲಕ್ಕೆ ಕೈಕೊಟ್ಟು ಕೇಳಿ, ಕೊನೆಗೆ "ಏನೋ ಪುಟ್ಟಾ, ನನಗೆ ಬಾಲ ಅಂತಲೇ ಕಾಣತ್ತೆ" ಎನ್ನುತ್ತಿದ್ದರು. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಕುಮುದ ಮೂರನೆಯ ತರಗತಿಯಲ್ಲಿದ್ದಾಗ ಜ್ವರ ಬಂತು. ಶೀತದ ಜ್ವರವೆಂದು ಕಷಾಯ ಕೊಟ್ಟೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮಾತು ನಿಂತಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗದು. ಮಣ್ಣು ಮಾಡಿ ಬಂದ ಮೇಲೆ ನಾನೂ ಇವರೂ ಗೋಡೆಗೆ ಒರಗಿ ಕುಳಿತು, ಒಬ್ಬರ ಕೈ ಒಬ್ಬರು ಹಿಡಿದು ಅತ್ತೆವು. ದಿನಾ ಅಳುತ್ತಿದ್ದೆವು. ಇವರು ತಟ್ಟೆಯ ಮುಂದೆ ಕುಳಿತಲ್ಲೇ ತುತ್ತು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನೂ ನನ್ನ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದೆ. ಅಷ್ಟು ದುಃಖದಲ್ಲೂ ನಾನು ಒಂಟಿಯಾಗಿರಲಿಲ್ಲ.

ಕುಮುದಳ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾತ್ರ ಬೇರೆಯದೇ ನಡೆದಿತ್ತು. ಮನೆಮನೆಯಲ್ಲೂ ಮಕ್ಕಳಿಗೆ ಏನೇನೋ ಹೇಳಿ ಬಾಯಿ ಮುಚ್ಚಿಸಿದ್ದರು. ಒಬ್ಬಳಿಗೆ ಕುಮುದ ದೇವರ ಮನೆಗೆ ಹೋಗಿದ್ದಳು, ಇನ್ನೊಬ್ಬಳಿಗೆ ಆಕಾಶಕ್ಕೆ. ಹೋದವರು ಬರಬೇಕಲ್ಲ, ಮಕ್ಕಳು ಕಾಯುತ್ತ ಕುಳಿತವು. ಬೆಂಚಿನಲ್ಲಿ ಅವಳ ಜಾಗದಲ್ಲಿ ಯಾರನ್ನೂ ಕೂರಗೊಡಲಿಲ್ಲ. ಟೀಚರು ಹಾಜರಿ ಕೂಗುವಾಗ ಅವಳ ಹೆಸರು ಬಿಟ್ಟರೆ ಗಲಾಟೆ ಮಾಡಿ ಹೆಸರು ಕೂಗಿಸಿ, "ನಾಳೆ ಬರ್ತಾಳೆ ಮಿಸ್" ಎಂದು ತಾವೇ ಹೇಳುತ್ತಿದ್ದವು. ಪ್ರಫುಲ್ಲ ಅಂತ, ಕುಮುದಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, ನಾಟಕದಲ್ಲಿ ತನಗೆ ಸಿಕ್ಕ ರಾಣಿಯ ಪಾತ್ರವನ್ನೂ ಬೇಡವೆಂದಳಂತೆ, ಕುಮುದ ಬಂದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು.

ಅವರ ಟೀಚರು ಸುಗುಣಾ ಮಿಸ್ ಕಚೇರಿಗೆ ಹೋಗಿ ಸಂಪಾದಕರ ಮುಂದೆ ಕುಳಿತರು. "ಸಾರ್, ಮಕ್ಳು ಒಳಗೊಳಗೇ ಕೊರಗ್ತಾ ಇದಾವೆ. ಕುಮುದ ತಮ್ಮ ಮೇಲೆ ಮುನಿಸ್ಕೊಂಡು ಬರ್ತಿಲ್ಲ ಅನ್ಕೊಂಡಿದಾವೆ. ನಾನು ಬಾಯಲ್ಲಿ ಹೇಳಿ ಹೇಳಿ ಸೋತೆ. ಒಂದು ಚಿತ್ರ ಮಾಡ್ಸಿಕೊಡಿ" ಎಂದರು. ಹಾಗೆ ಪರಿಸರ ಪುಸ್ತಕದಲ್ಲಿ 'ಸಾವು' ಎಂಬ ಪಾಠ ಸೇರಿಸುವುದೆಂದಾಯಿತು. ಚಿತ್ರ ಬರೆಯುವವರು ಮಾತ್ರ ಸಿಗಲಿಲ್ಲ. ಯಾರ ಮನೆಯಲ್ಲಿ ಸಾವಾಗಿಲ್ಲ ಹೇಳಿ. ಸಾವೆಂದರೇನೆಂದೇ ತಿಳಿಯದೆ ಹೋದರೆ, ತೀರಿಕೊಂಡ ತಾಯಿಗೋ ತಮ್ಮನಿಗೋ ಜೀವನವಿಡೀ ಬಾಗಿಲು ತೆರೆದಿಟ್ಟು ಕೂರಬೇಕಾಗುತ್ತದೆ. ಎಲ್ಲರೂ ತಲೆ ತಗ್ಗಿಸಿದರು. ಸಂಪಾದಕರೂ ಬಲವಂತ ಮಾಡಲಿಲ್ಲ.

ಇವರು ಆ ಪಾಠವನ್ನು ತಾವಾಗಿ ಕೇಳಿ ಮನೆಗೆ ತಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೇನು ತಲೆ ಕೆಟ್ಟಿದ್ಯೇನ್ರೀ" ಎಂದೆ. "ಊರಲ್ಲಿ ಬೇರೆ ಯಾರೂ ಇಲ್ವಾ?"

"ಆ ಮಕ್ಳು ನಮ್ಮ ಮಗೂಗೇ ಕಾಯ್ತಿರೋದು ಮಂಗಳಾ. ಬೇರೆ ಯಾರು ಯಾಕೆ ಬರೀಬೇಕು."

"ಬರೀರಿ. ಆಮೇಲೆ ನೀವು ಹಾಯಾಗಿರಿ. ನಾನೊಬ್ಳೇ ಕೂತು ಅವಳಿಗೆ ಅಳ್ತೀನಿ."

ಇವರು ನನ್ನ ಪಕ್ಕ ಬಂದು ಕುಳಿತರು. "ಮನೆಗೆರೆ ಬಿಡ್ತೀನಿ. ನಿನ್ನ ಬಿಟ್ಟು ಹೋಗಲ್ಲ. ಆಣೆ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಇವರು ಆಣೆ ಹಾಕುವ ಪೈಕಿಯಲ್ಲ. ನಂಬಿದೆ.

ಮೊದಲ ಚಿತ್ರಗಳು ಒಂದೂ ದಡ ಮುಟ್ಟಲಿಲ್ಲ. ಬಾಡಿದ ಹೂವು ಬರೆದು ಒಯ್ದರೆ ಮಕ್ಕಳು "ನೀರು ಹಾಕಿ ಮಾಮ" ಎಂದವು. ಆರಿದ ದೀಪಕ್ಕೆ "ಎಣ್ಣೆ ಮುಗಿದಿದೆ" ಎಂದವು. ಕೆಳಗೆ ಬಿದ್ದ ಗುಬ್ಬಚ್ಚಿಗೆ "ಪಾಪ, ನಿದ್ದೆ ಬಂದಿದೆ" ಎಂದು ಮರುಗಿದವು. ಇವರ ಪಾಡು ನೋಡಲಾರದೆ ಜಯಣ್ಣನೂ ಬಂದು ಖಾಲಿ ಕುರ್ಚಿಯ ಫೋಟೊ ತೆಗೆದುಕೊಟ್ಟ. ಕುರ್ಚಿ ಎಷ್ಟು ದೂರದಲ್ಲಿದೆಯೆಂದು ತಿಳಿಯದೆ ಅದಕ್ಕೇ ಡಿಕ್ಕಿ ಹೊಡೆದುಕೊಂಡು ತೆಗೆದ ಫೋಟೊ ಅದು. ಮಕ್ಕಳು ನೋಡಿ "ಯಾರೋ ನೀರು ಕುಡಿಯಕ್ಕೆ ಎದ್ದು ಹೋಗಿದಾರೆ" ಎಂದವು. ಇವರು ಪ್ರತಿ ಸಲವೂ ಹಾಳೆ ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ಚಿತ್ರ ಸೋತಿತೆಂದರೆ ನನಗೆ ಒಳಗೇ ಸಮಾಧಾನ. ಅದನ್ನು ಮುಚ್ಚಿಡುವ ಗೋಜಿಗೂ ನಾನು ಹೋಗಲಿಲ್ಲ, ಆವತ್ತು ಪಲ್ಯ ಒಂದು ಹೆಚ್ಚೇ ಮಾಡುತ್ತಿದ್ದೆ.

ಒಂದು ದಿನ ಇವರು ಹೊಸಲಿನ ಬಳಿ ಕುಳಿತು ಕುಮುದಳ ಚಪ್ಪಲಿಯನ್ನೇ ನೋಡುತ್ತಿದ್ದರು. ಅದನ್ನು ಎತ್ತಿಡಲು ನಮ್ಮಿಬ್ಬರಿಗೂ ಕೈ ಬಂದಿರಲಿಲ್ಲ. ಆಮೇಲೆ ಒಳಗೆ ಹೋಗಿ ದೊಡ್ಡ ಹಾಳೆಯನ್ನು ಗೆರೆ ಎಳೆದು ಮೂರು ಮನೆಗಳಾಗಿ ಭಾಗ ಮಾಡಿ ಬರೆಯತೊಡಗಿದರು. ಮೊದಲ ಮನೆಯಲ್ಲಿ ತರಗತಿಯ ಬಾಗಿಲು, ಹೊರಗೆ ಮಕ್ಕಳ ಪುಟ್ಟ ಪುಟ್ಟ ಚಪ್ಪಲಿಗಳ ಸಾಲು, ಕೊನೆಯಲ್ಲಿ ಕುಮುದಳದು. ಎರಡನೆಯದರಲ್ಲಿ ಅದೇ ಬಾಗಿಲು, ಅದೇ ಸಾಲು. ಚಪ್ಪಲಿಗಳೆಲ್ಲ ದೊಡ್ಡವಾಗಿದ್ದವು, ಕುಮುದಳ ಜೋಡಿ ಮಾತ್ರ ಮೊದಲಿನಷ್ಟೇ ಇತ್ತು. ಮೂರನೆಯದರಲ್ಲಿ ದೊಡ್ಡ ಹೆಂಗಸರ ಚಪ್ಪಲಿಗಳು. ಸಾಲಿನ ಕೊನೆಯನ್ನು ಖಾಲಿ ಬಿಟ್ಟಿದ್ದರು. "ಇದೇ ಮನೆಗೆರೆ" ಎಂದು ಅಲ್ಲಿ ಬೆರಳಿಟ್ಟು ನನಗೆ ತೋರಿಸಿದರು. ನಾನು ಆ ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದೆ. ಮಾತು ಉಳಿಸಿಕೊಂಡಿದ್ದಾರೆ ಎನಿಸಿತು. ಆದರೂ ಮನಸ್ಸು ತಡೆಯದೆ ಈ ಸಲ ನಾನೂ ಶಾಲೆಗೆ ಜೊತೆಯಲ್ಲಿ ಹೋದೆ.

ಸುಗುಣಾ ಮಿಸ್ ಹಾಳೆಯನ್ನು ಕರಿಹಲಗೆಗೆ ಅಂಟಿಸಿದರು. ಮಕ್ಕಳು ಗುಂಪುಗೂಡಿ ನೋಡಿದವು. ಮೂರನೆಯ ಮನೆ ನೋಡಿದ ಪ್ರಫುಲ್ಲ, "ನೋಡಿ ಮಿಸ್, ಅವಳು ಹೊಸ ಚಪ್ಪಲಿ ಕೊಡ್ಸಿಕೊಂಡು ಬೇರೆ ಕಡೆ ಹೋಗಿದಾಳೆ. ನಾನು ಹೇಳ್ಲಿಲ್ವಾ" ಎಂದಳು. ಉಳಿದವೂ ಹೌದು ಹೌದು ಎಂದವು. ಸುಗುಣಾ ಮಿಸ್ ಮುಖ ಸಣ್ಣದು ಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಇವರು ಪ್ರಫುಲ್ಲಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಬೇರೆ ಕಡೆ ಅಂದ್ರೆ ಎಲ್ಲಿಗಮ್ಮಾ" ಎಂದು ಕೇಳಿದರು.

"ಗೊತ್ತಿಲ್ಲ ಮಾಮ. ನಾನು ಅವತ್ತು ಅವಳಿಗೆ ಕೊಬ್ಬರಿ ಮಿಠಾಯಿ ಕೊಡ್ಲಿಲ್ಲ, ಒಬ್ಳೇ ತಿಂದೆ. ಅದಕ್ಕೇ ಬರ್ತಿಲ್ಲ." ಅವಳು ಚೀಲದಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಮಿಠಾಯಿ ಚೂರು, ಚಕ್ಕುಲಿ ಮುರುಕು, ಬಾಳೆಹಣ್ಣಿನ ಕರಿ ತುಂಡು ಎಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿದ್ದವು. "ಈಗ ದಿನಾ ಅರ್ಧ ಎತ್ತಿಡ್ತೀನಿ. ಅವಳು ಬಂದ್ರೆ ಎಲ್ಲಾ ಅವಳಿಗೇ. ನೀವಾದ್ರೂ ಹೇಳಿ ಮಾಮ, ನಾನು ಇನ್ನೇನು ಮಾಡಿದ್ರೆ ಬರ್ತಾಳೆ?"

ಇವರು ಆ ಡಬ್ಬಿಯನ್ನು ನೋಡಿದರು. ಆಮೇಲೆ ಎದ್ದು ನಿಂತು ಜೇಬಿನಿಂದ ಪೆನ್ನು ತೆಗೆದರು. ನನಗೆ ಅರ್ಥವಾಯಿತು. "ರೀ" ಎಂದೆ. ತಿರುಗಲಿಲ್ಲ. "ರೀ, ಬೇಡ ರೀ" ಎಂದೆ. ತರಗತಿಯ ಮಧ್ಯೆ ನಡೆದು ಹೋಗಿ ಕೈ ಹಿಡಿದುಕೊಳ್ಳಬಹುದಿತ್ತು. ಆ ಹುಡುಗಿ ಡಬ್ಬಿ ಹಿಡಿದುಕೊಂಡು ನಮ್ಮಿಬ್ಬರ ನಡುವೆಯೇ ನಿಂತಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಲು ನನ್ನಿಂದಾಗಲಿಲ್ಲ. ಇವರು ಮೂರನೆಯ ಮನೆಯ ಕೊನೆಯಲ್ಲಿ, ಹೆಂಗಸರ ಚಪ್ಪಲಿಗಳ ಪಕ್ಕ, ಕುಮುದಳ ಜೋಡಿಯನ್ನು ಬರೆದರು. ಎಡಗಾಲಿನ ಪಟ್ಟಿ ಕಿತ್ತು ನಾನು ದಾರದಲ್ಲಿ ಹೊಲಿದುಕೊಟ್ಟಿದ್ದ ಹೊಲಿಗೆಯನ್ನೂ ಬಿಡಲಿಲ್ಲ. ಬರೆದು ಮುಗಿಸಿ ಒಮ್ಮೆ ನನ್ನ ಕಡೆ ನೋಡಿದರು. ಮಗಳು ಹೋದ ದುಃಖ ಆ ಕಣ್ಣಲ್ಲಿ ನಾನು ನೋಡಿದ್ದು ಅದೇ ಕಡೆಯ ಸಲ.

ಪ್ರಫುಲ್ಲ ಹಲಗೆಯ ಹತ್ತಿರ ಹೋದಳು. "ಎಲ್ಲರದೂ ದೊಡ್ಡದಾಯ್ತು. ನಂದೂ ದೊಡ್ಡದಾಯ್ತು. ಇವಳದ್ಯಾಕೆ ಹಂಗೇ ಇದೆ?" ಎಂದಳು. ಮೊದಲ ಮನೆಯಿಂದ ಮೂರನೆಯದರ ತನಕ ಬೆರಳು ಎಳೆದು ನೋಡಿದಳು, ಮತ್ತೆ ಹಿಂದಕ್ಕೆ ಎಳೆದಳು. "ಅವಳ ಕಾಲು ಬೆಳೆಯೋದೇ ಇಲ್ವಾ ಮಿಸ್? ನಾವು ಅಮ್ಮಂದಿರಾದ್ರೂ?" ಸುಗುಣಾ ಮಿಸ್ ಇಲ್ಲವೆಂದು ತಲೆಯಾಡಿಸಿದರು. ಪ್ರಫುಲ್ಲ ಮೆಲ್ಲಗೆ "ಓ" ಎಂದಳು. ಡಬ್ಬಿಯ ಮುಚ್ಚಳ ಹಾಕಿದಳು. ಮಿಠಾಯಿಗೂ ಕುಮುದ ಬಾರದಿರುವುದಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ತಿಳಿದದ್ದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅವಳು ಅತ್ತಳು, ಅವಳನ್ನು ನೋಡಿ ಉಳಿದ ಮಕ್ಕಳೂ ಅತ್ತವು.

ಇವರು ಪೆನ್ನು ಹಿಡಿದುಕೊಂಡು ಸುತ್ತಲೂ ನೋಡಿದರು. "ಯಾಕೆ ಮಂಗಳಾ, ಎಲ್ಲಾ ಮಕ್ಳೂ ಅಳ್ತಿದಾವೆ? ಚಿತ್ರ ಚೆನ್ನಾಗಿ ಬಂದಿಲ್ವಾ?" ಎಂದರು. ಬೆಂಚುಗಳ ಮೇಲೆ ಕಣ್ಣಾಡಿಸಿ, "ನಮ್ಮ ಕುಮುದ ಎಲ್ಲಿ, ಕಾಣ್ತಿಲ್ಲ?" ಎಂದರು.

ಮನೆಗೆ ಬಂದ ಮೇಲೆ ನಾನು ಹೇಳಿ ನೋಡಿದೆ. "ಸತ್ತಳು ರೀ, ನಮ್ಮ ಕುಮುದ ಸತ್ತುಹೋದಳು." ಅವರು ಆ ಮಾತನ್ನು ಕೇಳದ ಊರಿನ ಹೆಸರೆಂಬಂತೆ ಕೇಳಿಸಿಕೊಂಡರು. "ಅಲ್ಲಿಂದ ಯಾವ ಬಸ್ಸಿಗೆ ಬರ್ತಾಳೆ?" ಎಂದು ಕೇಳಿದರು. ಜ್ವರ ನೆನಪಿತ್ತು, ಆಸ್ಪತ್ರೆ ನೆನಪಿತ್ತು, ಗುದ್ದಲಿ ಹಿಡಿದದ್ದೂ ನೆನಪಿತ್ತು. ಅವುಗಳಿಂದ ಏನಾಯಿತು ಎಂಬುದು ಮಾತ್ರ ಅವರ ತಲೆಗೆ ಹತ್ತುತ್ತಿರಲಿಲ್ಲ. ಗೋಡೆಯ ಮೇಲಿನ ಕುಮುದಳ ಫೋಟೊಗೆ ನಾನು ಹಾಕಿದ ಹಾರವನ್ನು ನೋಡಿ "ಒಳ್ಳೇದಾಯ್ತು, ಲಕ್ಷಣವಾಗಿ ಕಾಣ್ತಾಳೆ" ಎಂದರು. ನಾನು ಹೇಳುವುದನ್ನು ಬಿಟ್ಟೆ.

ಪುಸ್ತಕ ಅಚ್ಚಾಯಿತು. ಎಲ್ಲೆಲ್ಲಿಂದಲೋ ತಾಯಂದಿರು ಬಂದು, ಅಜ್ಜಿ ತೀರಿಕೊಂಡ ಮೇಲೆ ಮಾತು ಬಿಟ್ಟಿದ್ದ ಮಗು ಈ ಚಿತ್ರ ನೋಡಿ ಅತ್ತು ಹಗುರಾಯಿತು ಎಂದೆಲ್ಲ ಹೇಳಿ ಇವರ ಕಾಲಿಗೆ ನಮಸ್ಕಾರ ಮಾಡಿದರು. ಇವರು ಏನೂ ಅರ್ಥವಾಗದೆ "ಆಯ್ತಮ್ಮ, ಆಯ್ತಮ್ಮ" ಎನ್ನುತ್ತಿದ್ದರು. ಹೊಟ್ಟೆ ತುಂಬ ಉಣ್ಣುತ್ತಿದ್ದರು, ಗಾಢವಾಗಿ ನಿದ್ದೆ ಮಾಡುತ್ತಿದ್ದರು, ಮುಖಕ್ಷೌರ ಮಾಡಿಕೊಳ್ಳುವಾಗ ಹಾಡು ಗುನುಗುತ್ತಿದ್ದರು. ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿ ನನ್ನನ್ನು ನಡುನೀರಿನಲ್ಲಿ ಬಿಟ್ಟು ತಾವು ದಡ ಸೇರಿಕೊಂಡರಲ್ಲ ಎಂದು. ಆ ಮಕ್ಕಳಿಗಾಗಿ ಮಾಡಿದಿರೋ, ತಡೆಯಲಾರದೆ ನಿಮಗಾಗಿ ಮಾಡಿಕೊಂಡಿರೋ ಎಂದು ಒಮ್ಮೆಯಾದರೂ ಕೇಳಬೇಕೆನಿಸುತ್ತಿತ್ತು. ಯಾವುದರ ಬಗ್ಗೆ ಕೇಳುತ್ತಿದ್ದೇನೆಂದೇ ತಿಳಿಯದವರನ್ನು ಏನೆಂದು ಕೇಳಲಿ. ನಾನು ಅತ್ತರೆ ಅವರು ಬೆನ್ನು ಸವರಿ, "ಬರ್ತಾಳೆ ಸುಮ್ನಿರೆ, ಎಲ್ಲಿ ಹೋಗ್ತಾಳೆ" ಎನ್ನುತ್ತಿದ್ದರು. ಆ ಸಮಾಧಾನದ ಮಾತು ನನಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಬೇಸಿಗೆ ರಜ ಮುಗಿಯಿತು. ಶಾಲೆ ಶುರುವಾಗುವ ಹಿಂದಿನ ದಿನ ಪೇಟೆಯಿಂದ ಬಂದ ಇವರ ಕೈಯಲ್ಲಿ ಹೊಸ ಚಪ್ಪಲಿಯ ಪೆಟ್ಟಿಗೆ ಇತ್ತು. ಹಳೆಯದು ಕುಮುದಳಿಗೆ ಈಗ ಬಿಗಿಯಾಗುತ್ತದೆಂದು ಒಂದಳತೆ ದೊಡ್ಡದನ್ನೇ ತಂದಿದ್ದರು. ಅದೇ ಹೊತ್ತಿಗೆ ಪ್ರಫುಲ್ಲ ಬಂದಳು. ಅವರಮ್ಮ ಕಳಿಸಿದ ಮಾವಿನಹಣ್ಣು ಕೊಟ್ಟು ಹೋಗಲು ಬಂದಿದ್ದಳು. ಆ ಚಿತ್ರ ನೋಡಿದ ಮೇಲೆ ಅವಳು ನಮ್ಮ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ರಜದಲ್ಲಿ ಎತ್ತರವಾಗಿದ್ದಳು.

"ಸರಿಯಾದ ಹೊತ್ತಿಗೆ ಬಂದೆ ಕಣಮ್ಮ" ಎಂದರು ಇವರು. ಪೆಟ್ಟಿಗೆ ಬಿಚ್ಚಿ ಚಪ್ಪಲಿಯನ್ನು ನೆಲದ ಮೇಲೆ ಜೋಡಿಸಿದರು. "ನಿಮ್ಮಿಬ್ಬರದೂ ಒಂದೇ ಅಳತೆ ಅಲ್ವಾ. ಸ್ವಲ್ಪ ಕಾಲಿಟ್ಟು ನೋಡು. ಕುಮುದಂಗೆ ಆಗುತ್ತೋ ಇಲ್ವೋ ಹೇಳು."

ಪ್ರಫುಲ್ಲ ತಲೆಯೆತ್ತಿ ಅಡುಗೆಮನೆ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಅವಳು ಹಣ್ಣಿನ ಚೀಲ ಕೆಳಗಿಟ್ಟು, ತನ್ನ ಚಪ್ಪಲಿ ಬಿಚ್ಚಿ, ಹೊಸದರೊಳಗೆ ಒಂದೊಂದೇ ಕಾಲು ಇಟ್ಟಳು. ಇವರು ಬಗ್ಗಿ ಹೆಬ್ಬೆರಳಿನ ತುದಿ ಒತ್ತಿ ನೋಡಿದರು.

"ಸ್ವಲ್ಪ ದೊಡ್ಡದಾಯ್ತೇನೋ" ಎಂದರು.

"ಪರವಾಗಿಲ್ಲ ಮಾಮ" ಎಂದಳು ಪ್ರಫುಲ್ಲ. "ಕಾಲು ಬೆಳೆಯುತ್ತಲ್ಲ."

ಇವರಿಗೆ ಖುಷಿಯಾಯಿತು. ಅಂಗಡಿಯವನಿಗೂ ತಾವು ಅದನ್ನೇ ಹೇಳಿದ್ದೆಂದು ಹೇಳಿಕೊಂಡು ಚಪ್ಪಲಿಯನ್ನು ಹೊರಗಿಡಲು ಹೋದರು. ಪ್ರಫುಲ್ಲ ಅಡುಗೆಮನೆಗೆ ಬಂದು ನನ್ನ ಸೊಂಟಕ್ಕೆ ಕೈ ಸುತ್ತಿ, ಸೆರಗಿನಲ್ಲಿ ಮುಖ ಹುದುಗಿಸಿದಳು. ಅವಳ ಬೆನ್ನು ಕುಲುಕುತ್ತಿತ್ತು, ಸದ್ದು ಮಾತ್ರ ಹೊರಬರದಂತೆ ಹಲ್ಲು ಕಚ್ಚಿದ್ದಳು. ನಾನು ಒಂದು ಕೈಯಲ್ಲಿ ಅವಳ ತಲೆ ತಬ್ಬಿ, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟೆ. ಇವರಿಗೆ ಕೇಳಿಸದಂತೆ ಆ ಸದ್ದಿನಲ್ಲಿ ನಾವಿಬ್ಬರೂ ನನ್ನ ಮಗಳಿಗಾಗಿ ಅತ್ತೆವು.